ಗಣನೆಯ ಕೋಷ್ಟಕವೂ ರಚನೆಯ ನಕ್ಷೆಯೂ: ಒಂದು ಸಂಬಂಧದ ಇತಿಹಾಸ

೧

ಕಟ್ಟಡವಾಗಲಿ, ಸೇತುವೆಯಾಗಲಿ, ಯಂತ್ರವಾಗಲಿ, ನೆಲದ ಮೇಲೆ ನಿಲ್ಲುವುದಕ್ಕೆ ಮುಂಚೆ ಎರಡು ಬಗೆಯ ಕಾಗದಗಳ ಮೇಲೆ ಹುಟ್ಟುತ್ತದೆ. ಒಂದು, ಅದರ ಅಳತೆ, ಭಾರ, ಬಲಗಳನ್ನು ಅಂಕಿಗಳಲ್ಲಿ ತಿಳಿಸುವ ಲೆಕ್ಕದ ಕೋಷ್ಟಕ. ಇನ್ನೊಂದು, ಅದರ ಆಕಾರವನ್ನು ರೇಖೆಗಳಲ್ಲಿ ತೋರಿಸುವ ನಕ್ಷೆ. ಕೋಷ್ಟಕದಲ್ಲಿ ಹತ್ತು ಅಡಿಯೆಂದು ಬರೆದಿರುವ ತೊಲೆ ನಕ್ಷೆಯಲ್ಲಿಯೂ ಹತ್ತು ಅಡಿಯಾಗಿರಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಕೋಷ್ಟಕದ ಹತ್ತು ಹನ್ನೆರಡಾದ ದಿನ ನಕ್ಷೆಯ ಹತ್ತನ್ನೂ ಹನ್ನೆರಡು ಮಾಡುವವರು ಯಾರು? ನಕ್ಷೆಯಲ್ಲಿ ಒಂದು ರೇಖೆ ನೀಳವಾದಾಗ ಕೋಷ್ಟಕದ ಭಾರವನ್ನು ಮರಳಿ ಎಣಿಸುವವರು ಯಾರು? ಪ್ರಶ್ನೆ ನೋಡುವುದಕ್ಕೆ ಸಣ್ಣದು. ಇದಕ್ಕೆ ಸಕಾಲದಲ್ಲಿ ಉತ್ತರ ದೊರೆಯದೆ ಹೋದ ಒಂದು ಸಂದರ್ಭದಲ್ಲಿ ಎಪ್ಪತ್ತೈದು ಮಂದಿ ಕೆಲಸಗಾರರು ಪ್ರಾಣ ಕಳೆದುಕೊಂಡರೆಂಬುದನ್ನು ಮುಂದೆ ಕಾಣಲಿದ್ದೇವೆ.

ಇಂದು ಈ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಲಾಗಿದೆ. ಸ್ಪ್ರೆಡ್‌ಷೀಟ್ ಎಂದು ಹೆಸರಾದ ಗಣನಾ ಕೋಷ್ಟಕದಲ್ಲಿ ಒಂದು ಅಂಕಿಯನ್ನು ತಿದ್ದಿದರೆ, ಅದಕ್ಕೆ ಜೋಡಿಸಿರುವ ಪ್ಯಾರಾಮೆಟ್ರಿಕ್ ಮಾದರಿಯಲ್ಲಿ ತೊಲೆ ತಾನಾಗಿ ಉದ್ದವಾಗುತ್ತದೆ, ರಂಧ್ರಗಳು ತಾವಾಗಿ ಸ್ಥಾನ ಬದಲಿಸುತ್ತವೆ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ದಿನದಿನದ ಅನುಭವ. ಆದರೆ ಈ ಜೋಡಣೆ ಹೇಗೆ ಹುಟ್ಟಿತು, ಇದಕ್ಕೆ ಮುಂಚೆ ಏನಿತ್ತು, ಇದರಿಂದ ಇತಿಹಾಸಕಾರನಿಗೆ ಒದಗಿದ ಲಾಭನಷ್ಟಗಳೇನು ಎಂಬ ವಿಚಾರವನ್ನು ಇತಿಹಾಸದ ವಿಭಾಗಗಳು ಎತ್ತಿಕೊಂಡದ್ದು ಅಪರೂಪ. ಪ್ರಕೃತ ಲೇಖನದಲ್ಲಿ ನಾವು ಆ ಕೆಲಸಕ್ಕೆ ಕೈಹಾಕಿದ್ದೇವೆ.

೨

ಅಂಕಿ ಮತ್ತು ರೇಖೆಗಳು ಮೊದಲಿನಿಂದಲೂ ದೂರವಿದ್ದುವೆಂದು ಭಾವಿಸುವುದು ಸರಿಯಲ್ಲ. ೧೬೩೭ರಲ್ಲಿ ಪ್ರಕಟವಾದ ಡೆಕಾರ್ಟನ ಜ್ಯಾಮಿತಿ ಗ್ರಂಥವು ವಕ್ರರೇಖೆಯನ್ನು ಸಮೀಕರಣದಿಂದ ವಿವರಿಸುವ ದಾರಿಯನ್ನು ತೆರೆದು, ಇವೆರಡನ್ನೂ ಗಣಿತದ ಮಟ್ಟದಲ್ಲಿ ಒಂದುಗೂಡಿಸಿತು. ಆದರೆ ಗಣಿತದಲ್ಲಿ ಆದ ಐಕ್ಯ ಕಾರ್ಯಾಗಾರಕ್ಕೆ ಇಳಿಯಲು ಬಹುಕಾಲ ಬೇಕಾಯಿತು. ಕಾರ್ಯಾಗಾರದಲ್ಲಿ ಇವೆರಡೂ ಕೆಲವೊಮ್ಮೆ ಪ್ರತಿಸ್ಪರ್ಧಿಗಳಾಗಿಯೇ ನಡೆದುಕೊಂಡುವು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಮೆಜಿಯೇರ್ ಸೈನಿಕ ಶಾಲೆಯಲ್ಲಿದ್ದ ಗಾಸ್ಪಾರ್ ಮೋಂಜನು ಕೋಟೆಯ ವಿನ್ಯಾಸಕ್ಕೆ ಸಂಬಂಧಿಸಿದ ಒಂದು ಸಮಸ್ಯೆಯನ್ನು ಬಿಡಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ವಾಡಿಕೆಯಂತೆ ಅದಕ್ಕೆ ದೀರ್ಘವಾದ ಅಂಕಗಣಿತ ಬೇಕಾಗಿತ್ತು. ಮೋಂಜನು ರೇಖಾಚಿತ್ರದಿಂದಲೇ ಉತ್ತರವನ್ನು ತಂದೊಪ್ಪಿಸಿದನು. ಅಷ್ಟು ಶೀಘ್ರವಾಗಿ ಅದು ಸಾಧ್ಯವಿಲ್ಲವೆಂದು ಅಧಿಕಾರಿಯು ಅದನ್ನು ಪರೀಕ್ಷಿಸಲು ಸಹ ಮೊದಲು ಒಪ್ಪಲಿಲ್ಲವಂತೆ. ಮುಂದೆ ವರ್ಣನಾತ್ಮಕ ಜ್ಯಾಮಿತಿ ಎಂಬ ಶಾಸ್ತ್ರವಾಗಿ ಬೆಳೆದ ಈ ವಿಧಾನವನ್ನು ಕೆಲಕಾಲ ಸೈನಿಕ ರಹಸ್ಯವೆಂದು ಕಾಪಾಡಲಾಗಿತ್ತು. ಇಲ್ಲಿ ನಕ್ಷೆಯು ಲೆಕ್ಕವನ್ನು ಅನುಸರಿಸಲಿಲ್ಲ. ಲೆಕ್ಕದ ಸ್ಥಾನವನ್ನು ತಾನೇ ಆಕ್ರಮಿಸಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ದಾರಿ ಇನ್ನೂ ಮುಂದುವರಿಯಿತು. ಜೂರಿಕ್ ನಗರದ ಕಾರ್ಲ್ ಕುಲ್ಮನ್ ೧೮೬೦ರ ದಶಕದಲ್ಲಿ ಪ್ರಕಟಿಸಿದ ರೇಖಾ ಸ್ಥಿತಿಶಾಸ್ತ್ರದಲ್ಲಿ, ಸೇತುವೆಯ ಪ್ರತಿಯೊಂದು ಅಂಗದ ಮೇಲೆ ಬೀಳುವ ಬಲವನ್ನು ಒಂದು ರೇಖೆಯಾಗಿ ಎಳೆದು, ಆ ರೇಖೆಯ ಉದ್ದವನ್ನು ಅಳೆದು ಬಲದ ಪ್ರಮಾಣವನ್ನು ತಿಳಿಯುವ ಕ್ರಮವಿತ್ತು. ಕುಲ್ಮನ್ನನ ಶಿಷ್ಯನಾಗಿದ್ದ ಮೋರಿಸ್ ಕೆಕ್ಲಿನ್ ಎಂಬಾತನೇ ೧೮೮೯ರಲ್ಲಿ ಪ್ಯಾರಿಸಿನಲ್ಲಿ ನಿಂತ ಐಫೆಲ್ ಗೋಪುರದ ಮೂಲ ಕಲ್ಪನೆಯನ್ನು ರೂಪಿಸಿದವರಲ್ಲಿ ಒಬ್ಬನು. ಈ ಪದ್ಧತಿಯಲ್ಲಿ ಆಕಾರದ ನಕ್ಷೆಯೂ ಬಲದ ನಕ್ಷೆಯೂ ಒಂದೇ ಹಾಳೆಯ ಮೇಲೆ, ಒಬ್ಬನದೇ ಕೈಯಿಂದ ಮೂಡುತ್ತಿದ್ದುವು. ಒಂದು ಬದಲಾದರೆ ಇನ್ನೊಂದು ಬದಲಾಗಬೇಕೆಂಬುದು ಕಣ್ಣಿಗೆ ಕಾಣುತ್ತಿತ್ತು.

ಆದರೆ ರಚನೆಗಳು ದೊಡ್ಡವಾದಂತೆಲ್ಲ ಕೆಲಸ ಹಂಚಿಹೋಯಿತು. ದೊಡ್ಡ ಸಂಸ್ಥೆಗಳಲ್ಲಿ ಲೆಕ್ಕ ಮಾಡುವವರು ಒಂದು ಮೇಜಿನಲ್ಲಿ, ನಕ್ಷೆ ಎಳೆಯುವವರು ಮತ್ತೊಂದು ಮೇಜಿನಲ್ಲಿ, ಪರಿಶೀಲಿಸುವ ಹಿರಿಯ ಎಂಜಿನಿಯರು ಒಮ್ಮೊಮ್ಮೆ ಬೇರೊಂದು ಊರಿನಲ್ಲಿಯೇ ಇರುವಂತಾಯಿತು. ಅಂಕಿಯೊಂದು ಕೋಷ್ಟಕದಿಂದ ನಕ್ಷೆಗೆ, ನಕ್ಷೆಯಿಂದ ಕೋಷ್ಟಕಕ್ಕೆ ಹೋಗಬೇಕಾದರೆ ಯಾರಾದರೂ ಅದನ್ನು ಹೊತ್ತುಕೊಂಡು ಹೋಗಬೇಕು. ಆ ಹೊರುವಿಕೆ ಒಂದೆಡೆ ತಪ್ಪಿಹೋದುದರ ಕಥೆಯೇ ಕೆನಡಾ ದೇಶದ ಕ್ವಿಬೆಕ್ ಸೇತುವೆಯ ಕಥೆ.

೩

ಸೇಂಟ್ ಲಾರೆನ್ಸ್ ನದಿಗೆ ಅಡ್ಡಲಾಗಿ ಕ್ವಿಬೆಕ್ ನಗರದ ಬಳಿ ಉಕ್ಕಿನ ಸೇತುವೆಯೊಂದನ್ನು ಕಟ್ಟುವ ಯೋಜನೆಗೆ ಅಮೆರಿಕದ ಖ್ಯಾತ ಎಂಜಿನಿಯರ್ ಥಿಯೊಡೋರ್ ಕೂಪರ್ ಸಲಹೆಗಾರನಾಗಿದ್ದನು. ಫಿಲಡೆಲ್ಫಿಯಾ ಸಮೀಪದ ಫೀನಿಕ್ಸ್‌ವಿಲ್‌ನಲ್ಲಿದ್ದ ಫೀನಿಕ್ಸ್ ಕಂಪನಿಯು ನಿರ್ಮಾಣದ ಹೊಣೆಯನ್ನು ಹೊತ್ತಿತ್ತು. ಮೊದಲು ನದಿಯ ಎರಡು ಮುಖ್ಯ ಕಂಬಗಳ ನಡುವಣ ಅಂತರ ೧೬೦೦ ಅಡಿಯೆಂದು ಗೊತ್ತಾಗಿತ್ತು. ೧೯೦೦ರಲ್ಲಿ ಕೂಪರನು ಅದನ್ನು ೧೮೦೦ ಅಡಿಗೆ ಏರಿಸಬೇಕೆಂದು ಸಲಹೆ ಮಾಡಿದನು. ಕಂಬಗಳು ಆಳವಿಲ್ಲದ ನೀರಿನಲ್ಲಿ ನಿಲ್ಲುವುದರಿಂದ ಅಡಿಪಾಯದ ಕೆಲಸ ಸುಲಭವಾಗುವುದು, ನದಿಯ ಹಿಮಗಡ್ಡೆಗಳ ಅಪಾಯ ಕಡಮೆಯಾಗುವುದು ಎಂಬವು ಅವನು ಕೊಟ್ಟ ಕಾರಣಗಳು. ಅದರೊಂದಿಗೆ, ೧೮೯೦ರಲ್ಲಿ ಸ್ಕಾಟ್ಲೆಂಡಿನಲ್ಲಿ ತೆರೆದ, ೧೭೧೦ ಅಡಿ ಅಂತರದ ಫೋರ್ತ್ ಸೇತುವೆಯನ್ನು ಮೀರಿಸಿದ ಕೀರ್ತಿಯೂ ಇದಕ್ಕೆ ಲಭಿಸುವಂತಿತ್ತು.

ಇಲ್ಲಿ ಸೇತುವೆಯ ಲೆಕ್ಕದ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಇಷ್ಟು ದೊಡ್ಡ ಸೇತುವೆಯು ಹೊರುವ ಹೊರೆಯಲ್ಲಿ ಬಹುಭಾಗ ಅದರದೇ ಭಾರ. ಭಾರವನ್ನು ತಿಳಿದರೆ ಬಲವನ್ನು ಎಣಿಸಬಹುದು. ಬಲವನ್ನು ಎಣಿಸಿದರೆ ತೊಲೆಗಳ ಗಾತ್ರವನ್ನು ಗೊತ್ತುಮಾಡಬಹುದು. ಆದರೆ ಗಾತ್ರ ಗೊತ್ತಾದ ಮೇಲೆಯೇ ಭಾರ ತಿಳಿಯುವುದು. ಇದೊಂದು ಚಕ್ರ. ಆದುದರಿಂದ ಎಂಜಿನಿಯರುಗಳು ಮೊದಲು ಒಂದು ಭಾರವನ್ನು ಊಹಿಸಿಕೊಂಡು, ಗಾತ್ರಗಳನ್ನು ನಿರ್ಧರಿಸಿ, ನಕ್ಷೆಯಿಂದ ನಿಜವಾದ ಭಾರವನ್ನು ಎಣಿಸಿ, ಊಹೆಯೊಡನೆ ಹೋಲಿಸಿ, ವ್ಯತ್ಯಾಸವಿದ್ದರೆ ಮತ್ತೆ ಮೊದಲಿನಿಂದ ಲೆಕ್ಕ ಮಾಡುತ್ತಾರೆ. ಕೋಷ್ಟಕದಿಂದ ನಕ್ಷೆಗೆ, ನಕ್ಷೆಯಿಂದ ಕೋಷ್ಟಕಕ್ಕೆ ಹೀಗೆ ಹಲವು ಸುತ್ತು ನಡೆದ ಮೇಲೆಯೇ ಎರಡೂ ಒಂದಕ್ಕೊಂದು ಹೊಂದುವುವು.

ಕ್ವಿಬೆಕ್‌ನಲ್ಲಿ ಈ ಸುತ್ತು ಪೂರ್ಣವಾಗಲಿಲ್ಲ. ಅಂತರವು ಇನ್ನೂರು ಅಡಿ ಹೆಚ್ಚಿದ ಬಳಿಕವೂ ಸೇತುವೆಯ ಸ್ವಂತ ಭಾರವನ್ನು ಕುರಿತ ಹಳೆಯ ಊಹೆಯನ್ನು ಸರಿಯಾಗಿ ತಿದ್ದದೆ ಕೆಲಸ ಮುಂದುವರಿಯಿತು. ಸುಮಾರು ೬ ಕೋಟಿ ೨೦ ಲಕ್ಷ ಪೌಂಡು ಎಂದು ಊಹಿಸಿದ್ದ ಭಾರ ೭ ಕೋಟಿ ೩೦ ಲಕ್ಷ ಪೌಂಡಿನವರೆಗೆ ಏರುವುದೆಂದು ಕೂಪರನಿಗೆ ತಿಳಿದುಬಂದದ್ದು ೧೯೦೬ರಲ್ಲಿ. ಅಷ್ಟು ಹೊತ್ತಿಗೆ ಉಕ್ಕಿನ ಬಹುಭಾಗ ಸಿದ್ಧವಾಗಿತ್ತು, ರಚನೆಯೂ ಮೇಲೇಳುತ್ತಿತ್ತು. ಹೆಚ್ಚಿದ ಬಲ ಸಹಿಸಬಹುದಾದ ಮಿತಿಯಲ್ಲಿಯೇ ಇದೆಯೆಂದು ಅವನು ತೀರ್ಮಾನಿಸಿದನು. ೧೯೦೭ರ ಆಗಸ್ಟಿನಲ್ಲಿ ಕೆಳಗಣ ತೊಲೆಗಳು ಬಾಗುತ್ತಿರುವುದು ಕಂಡುಬಂತು. ಆಗಸ್ಟ್ ೨೯ರಂದು, ಸೇತುವೆಯ ಮೇಲೆ ಇನ್ನು ಹೊರೆಯನ್ನು ಹೇರಬಾರದೆಂದು ಕೂಪರನು ನ್ಯೂಯಾರ್ಕಿನಿಂದ ಫೀನಿಕ್ಸ್‌ವಿಲ್‌ಗೆ ತಂತಿ ಕಳುಹಿಸಿದನು. ಆ ಮಾತು ಕ್ವಿಬೆಕ್ಕಿಗೆ ಸಕಾಲದಲ್ಲಿ ಮುಟ್ಟಲಿಲ್ಲ. ಅದೇ ಸಂಜೆ ಸೇತುವೆಯ ದಕ್ಷಿಣ ಭಾಗ ಕುಸಿದು ನದಿಗೆ ಬಿತ್ತು. ಸತ್ತ ಎಪ್ಪತ್ತೈದು ಮಂದಿಯಲ್ಲಿ ಹಲವರು ಕಾನವಾಗೆ ಎಂಬಲ್ಲಿನ ಮೋಹಾಕ್ ಜನಾಂಗದ ಉಕ್ಕಿನ ಕೆಲಸಗಾರರು.

೧೯೦೮ರಲ್ಲಿ ವರದಿಯೊಪ್ಪಿಸಿದ ರಾಜ ಆಯೋಗವು ಕೆಳಗಣ ತೊಲೆಗಳ ಜೋಡಣೆ ದುರ್ಬಲವಾಗಿದ್ದುದನ್ನು ಕುಸಿತದ ನೇರ ಕಾರಣವೆಂದು ಗುರುತಿಸಿ, ಸ್ವಂತ ಭಾರವನ್ನು ತಿರುಗಿ ಎಣಿಸದೆ ಬಿಟ್ಟದ್ದನ್ನೂ ಗಂಭೀರವಾದ ದೋಷವೆಂದು ಎಣಿಸಿತು. ಎಲ್ಲ ದೋಷವೂ ಈ ಒಂದು ಅಂಕಿಯದೇ ಎಂದು ಹೇಳುವುದು ಇತಿಹಾಸಕ್ಕೆ ಅಪಚಾರವಾದೀತು. ಆದರೆ ನಮ್ಮ ವಿಷಯಕ್ಕೆ ಬೇಕಾದುದು ಇಷ್ಟು: ಅಂತರ ಬದಲಾದದ್ದು ನಕ್ಷೆಗೆ ಗೊತ್ತಿತ್ತು, ಭಾರದ ಕೋಷ್ಟಕಕ್ಕೆ ಗೊತ್ತಿರಲಿಲ್ಲ. ಹೊಸದಾಗಿ ಕಟ್ಟಿದ ಸೇತುವೆಯೂ ೧೯೧೬ರಲ್ಲಿ ನಡುಭಾಗವನ್ನು ಎತ್ತುವಾಗ ಮತ್ತೊಂದು ಅವಘಡಕ್ಕೆ ಈಡಾಗಿ, ೧೯೧೭ರಲ್ಲಿ ಪೂರ್ಣಗೊಂಡಿತು.

೪

ಇನ್ನು ಪ್ಯಾರಾಮೆಟ್ರಿಕ್ ಎಂಬ ಮಾತಿನ ಅರ್ಥವನ್ನು ವಿಚಾರಿಸೋಣ. ಆಕಾರವೊಂದರ ಪ್ರತಿಯೊಂದು ಅಳತೆಯನ್ನೂ ಬೇರೆ ಬೇರೆಯಾಗಿ ಹೇಳದೆ, ಕೆಲವೇ ಮೂಲಮಾನಗಳನ್ನು ಹೇಳಿ, ಉಳಿದೆಲ್ಲವನ್ನೂ ಅವುಗಳಿಂದ ಸೂತ್ರದ ಮೂಲಕ ಪಡೆಯುವುದೇ ಈ ಕ್ರಮ. ನಮ್ಮ ಓದುಗರಿಗೆ ಇದರ ತಿರುಳು ಅಪರಿಚಿತವಲ್ಲ. ಶಿಲ್ಪಶಾಸ್ತ್ರದ ತಾಲಮಾನದಲ್ಲಿ ಮುಖದ ಉದ್ದ ಒಂದು ತಾಲ, ತಾಲಕ್ಕೆ ಹನ್ನೆರಡು ಅಂಗುಲ, ನವತಾಲ ಪ್ರತಿಮೆಗೆ ನೂರೆಂಟು ಅಂಗುಲ. ಇಲ್ಲಿಯ ಅಂಗುಲ ಅಳತೆಗೋಲಿನ ಅಂಗುಲವಲ್ಲ, ಆ ಪ್ರತಿಮೆಯದೇ ಅಂಗುಲ. ಆದುದರಿಂದ ಪ್ರತಿಮೆ ಗೇಣುದ್ದವಿರಲಿ ಆಳುದ್ದವಿರಲಿ ಅಂಗಗಳ ಸಂಬಂಧ ಕೆಡುವುದಿಲ್ಲ. ಇಷ್ಟರಿಂದಲೇ ನಮ್ಮ ಪೂರ್ವಿಕರು ಇಂದಿನ ಗಣಕವಿಧಾನವನ್ನು ಅರಿತಿದ್ದರೆಂದು ಹೇಳಲು ಹೊರಡುವುದು ಶಾಸ್ತ್ರೀಯವಾಗದು. ಅಲ್ಲಿ ಸಂಬಂಧಗಳನ್ನು ಕಾಪಾಡುತ್ತಿದ್ದದ್ದು ಸ್ಥಪತಿಯ ಸ್ಮೃತಿ ಮತ್ತು ಶಿಕ್ಷಣ. ಸಂಬಂಧ ತಪ್ಪಿದಾಗ ಕಲ್ಲು ತಾನಾಗಿ ಎಚ್ಚರಿಸುತ್ತಿರಲಿಲ್ಲ. ವಿಚಾರ ಹಳೆಯದು, ಸಾಧನ ಹೊಸದು ಎಂದಷ್ಟೇ ನಮ್ಮ ಅಭಿಪ್ರಾಯ.

ವಾಸ್ತುಶಿಲ್ಪದಲ್ಲಿ ಈ ಹೆಸರನ್ನು ಬಳಕೆಗೆ ತಂದವರಲ್ಲಿ ಇಟಲಿಯ ಲೂಯಿಜಿ ಮೊರೆತ್ತಿ ಮುಖ್ಯನು. ೧೯೬೦ರಲ್ಲಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅವನು ಕ್ರೀಡಾಂಗಣಗಳ ಪ್ಯಾರಾಮೆಟ್ರಿಕ್ ಮಾದರಿಗಳನ್ನು ಇರಿಸಿದ್ದನು. ಇದೇ ಕಾಲದಲ್ಲಿ ಇನ್ನೂ ದೊಡ್ಡ ನಿದರ್ಶನವೊಂದು ಆಸ್ಟ್ರೇಲಿಯದಲ್ಲಿ ರೂಪುಗೊಳ್ಳುತ್ತಿತ್ತು. ಸಿಡ್ನಿ ಒಪೆರಾ ಭವನದ ಸ್ಪರ್ಧೆಯಲ್ಲಿ ೧೯೫೭ರಲ್ಲಿ ಗೆದ್ದ ಡೆನ್ಮಾರ್ಕಿನ ಯೋರ್ನ್ ಉಟ್ಸನ್ ತನ್ನ ಚಿಪ್ಪಿನಾಕಾರದ ಛಾವಣಿಗಳನ್ನು ಕೈಬೀಸಿ ಎಳೆದ ರೇಖೆಗಳಲ್ಲಿ ತೋರಿಸಿದ್ದನು. ಅವನ್ನು ಕಟ್ಟಬೇಕಾದ ಓವೆ ಆರಪ್ ಸಂಸ್ಥೆಯ ಎಂಜಿನಿಯರುಗಳಿಗೆ ಆ ರೇಖೆಗಳಲ್ಲಿ ಹಿಡಿಯಲು ಒಂದು ಸೂತ್ರವೂ ಸಿಕ್ಕಲಿಲ್ಲ. ಹಲವು ಆಕಾರಗಳನ್ನು ಪರೀಕ್ಷಿಸಿ, ಆ ಕಾಲದ ಗಣಕಯಂತ್ರಗಳಲ್ಲಿ ಲೆಕ್ಕ ಮಾಡಿ ನೋಡಿದ್ದಾಯಿತು. ಕೊನೆಗೆ ೧೯೬೧ರಲ್ಲಿ, ಎಲ್ಲ ಚಿಪ್ಪುಗಳನ್ನೂ ೨೪೬ ಅಡಿ ತ್ರಿಜ್ಯದ ಒಂದೇ ಗೋಳದಿಂದ ಕತ್ತರಿಸಿ ತೆಗೆಯಬಹುದೆಂಬ ಪರಿಹಾರ ದೊರೆಯಿತು. ಆ ಒಂದು ಅಂಕಿ ಗೊತ್ತಾದೊಡನೆ ಪಕ್ಕೆಲುಬುಗಳ ಅಚ್ಚುಗಳನ್ನು ಮತ್ತೆ ಮತ್ತೆ ಬಳಸುವುದು ಸಾಧ್ಯವಾಯಿತು. ಲೆಕ್ಕಕ್ಕೂ ನಕ್ಷೆಗೂ ಒಂದೇ ಮೂಲ ದೊರೆಯಿತು. ೧೯೭೩ರಲ್ಲಿ ಭವನ ತೆರೆಯಿತು. ಗಣನೆ ನಕ್ಷೆಯನ್ನು ಹಿಡಿಯಬೇಕಾದರೆ ನಕ್ಷೆಯೇ ಮೊದಲು ಗಣನೆಗೆ ಒಗ್ಗುವ ರೂಪವನ್ನು ತಾಳಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೫

ಗಣಕಯಂತ್ರದ ಇತಿಹಾಸದಲ್ಲಿ ನಕ್ಷೆಯ ಪ್ರವಾಹ, ಕೋಷ್ಟಕದ ಪ್ರವಾಹ ಎಂಬ ಎರಡು ಧಾರೆಗಳನ್ನು ಬೇರೆಬೇರೆಯಾಗಿ ಕಾಣಬಹುದು.

ನಕ್ಷೆಯ ಪ್ರವಾಹದ ಮೂಲ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿದೆ. ೧೯೬೩ರಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ತರುಣನು ಸ್ಕೆಚ್‌ಪ್ಯಾಡ್ ಎಂಬ ತನ್ನ ರಚನೆಯನ್ನು ಕುರಿತು ಡಾಕ್ಟರೇಟ್ ಪ್ರಬಂಧವನ್ನು ಒಪ್ಪಿಸಿದನು. ಟಿಎಕ್ಸ್-೨ ಎಂಬ ಗಣಕದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ರೇಖೆಗಳನ್ನು ಎಳೆಯುವುದು ಅದರಲ್ಲಿ ಸಾಧ್ಯವಿತ್ತು. ಅದರ ಹಿರಿಮೆ ಎಳೆಯುವುದರಲ್ಲಿ ಮುಗಿಯುವುದಿಲ್ಲ. ಈ ಎರಡು ರೇಖೆಗಳು ಸಮಾನಾಂತರವಾಗಿರಲಿ, ಈ ನಾಲ್ಕು ಬಾಹುಗಳು ಸಮವಾಗಿರಲಿ ಎಂದು ನಿರ್ಬಂಧವನ್ನು ವಿಧಿಸಿದರೆ ಯಂತ್ರವು ಚಿತ್ರವನ್ನು ತಾನೇ ಸರಿಪಡಿಸಿಕೊಳ್ಳುತ್ತಿತ್ತು. ಆ ಪ್ರಬಂಧದಲ್ಲಿಯೇ ಸೇತುವೆಗಳ ಚಿತ್ರಗಳೂ ಇವೆ. ಅವುಗಳ ಅಂಗಗಳ ಮೇಲೆ ಬೀಳುವ ಬಲವನ್ನು ಯಂತ್ರವು ಎಣಿಸಿ, ಆಯಾ ರೇಖೆಯ ಪಕ್ಕದಲ್ಲಿ ಅಂಕಿಯಾಗಿ ತೋರಿಸುತ್ತಿತ್ತು. ಕುಲ್ಮನ್ನನ ಹಾಳೆ ಪರದೆಯ ಮೇಲೆ ಪುನರ್ಜನ್ಮ ತಾಳಿತೆಂದರೆ ಅತಿಶಯೋಕ್ತಿಯಾಗಲಾರದು.

ಕೋಷ್ಟಕದ ಪ್ರವಾಹ ಹುಟ್ಟಿದ್ದು ಲೆಕ್ಕಪತ್ರದ ಲೋಕದಲ್ಲಿ. ಲೆಕ್ಕಿಗರು ಅಗಲವಾದ ಹಾಳೆಯಲ್ಲಿ ಅಡ್ಡಸಾಲು ನೀಟಸಾಲುಗಳನ್ನು ಎಳೆದು ಬರೆಯುತ್ತಿದ್ದ ಪಟ್ಟಿಗೆ ಸ್ಪ್ರೆಡ್‌ಷೀಟ್ ಎಂಬ ಹೆಸರು ಮೊದಲೇ ಇತ್ತು. ೧೯೬೧ರಲ್ಲಿ ರಿಚರ್ಡ್ ಮಾಟೆಸಿಷ್ ಆಯವ್ಯಯದ ಲೆಕ್ಕವನ್ನು ಗಣಕಯಂತ್ರಕ್ಕೆ ಅಳವಡಿಸುವ ವಿಚಾರವನ್ನು ಪ್ರಕಟಿಸಿದನು. ಜನಸಾಮಾನ್ಯರ ಕೈಗೆ ಇದು ಬಂದದ್ದು ೧೯೭೯ರಲ್ಲಿ. ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ ಓದುತ್ತಿದ್ದಾಗ ಡ್ಯಾನ್ ಬ್ರಿಕ್ಲಿನ್ ಕಲ್ಪಿಸಿದ್ದನ್ನು ಬಾಬ್ ಫ್ರಾಂಕ್‌ಸ್ಟನ್ ಕಾರ್ಯರೂಪಕ್ಕೆ ತಂದು, ಆಪಲ್-೨ ಗಣಕಕ್ಕಾಗಿ ವಿಸಿಕ್ಯಾಲ್ಕ್ ಸಿದ್ಧವಾಯಿತು. ಕೋಷ್ಟಕದ ಒಂದು ಮನೆಯಲ್ಲಿ ಅಂಕಿಯ ಬದಲು ಸೂತ್ರವನ್ನು ಬರೆಯಬಹುದು. ಸೂತ್ರವು ಅವಲಂಬಿಸಿದ ಮನೆಯ ಅಂಕಿ ಬದಲಾದರೆ ಉತ್ತರವೂ ಬದಲಾಗುತ್ತದೆ. ಒಂದನ್ನು ತಿದ್ದಿದ ಮೇಲೆ ಇಡೀ ಪುಟವನ್ನು ಅಳಿಸಿ ಬರೆಯುವ ಲೆಕ್ಕಿಗನ ಶ್ರಮ ಅಂದಿಗೆ ಮುಗಿಯಿತು. ೧೯೮೩ರಲ್ಲಿ ಲೋಟಸ್ ೧-೨-೩, ೧೯೮೫ರಲ್ಲಿ ಮೈಕ್ರೋಸಾಫ್ಟ್ ಎಕ್ಸೆಲ್ ಇದೇ ಮಾರ್ಗದಲ್ಲಿ ಬಂದುವು.

ಸ್ವಲ್ಪ ಆಲೋಚಿಸಿದರೆ ಈ ಎರಡು ಪ್ರವಾಹಗಳ ಒಳಗುಟ್ಟು ಒಂದೇ ಎಂಬುದು ಗೊತ್ತಾಗುತ್ತದೆ. ಸದರ್‌ಲ್ಯಾಂಡನ ನಿರ್ಬಂಧವೂ ಬ್ರಿಕ್ಲಿನ್ನನ ಸೂತ್ರವೂ ಫಲವನ್ನು ಬರೆದಿಡದೆ ಸಂಬಂಧವನ್ನು ಬರೆದಿಡುತ್ತವೆ. ಸಂಬಂಧ ಉಳಿದರೆ ಫಲವನ್ನು ಯಾವಾಗ ಬೇಕಾದರೂ ಹೊಸದಾಗಿ ಪಡೆಯಬಹುದು. ಹೀಗಿದ್ದರೂ ಇವೆರಡರ ಸಂಗಮಕ್ಕೆ ಇನ್ನೂ ಹಲವು ವರ್ಷಗಳು ಬೇಕಾದುವು.

೬

೧೯೮೨ರಲ್ಲಿ ಹೊರಬಂದ ಆಟೊಕ್ಯಾಡ್ ಸಣ್ಣ ಗಣಕಗಳಲ್ಲಿ ನಕ್ಷೆ ಎಳೆಯುವ ಅವಕಾಶವನ್ನು ಸಾವಿರಾರು ಕಚೇರಿಗಳಿಗೆ ಒದಗಿಸಿತು. ಆದರೆ ಅದರಲ್ಲಿ ರೇಖೆಯೆಂದರೆ ಬರಿಯ ರೇಖೆ. ಅದು ಏಕೆ ಅಷ್ಟು ಉದ್ದವಿದೆಯೆಂಬುದು ನಕ್ಷೆಗೆ ತಿಳಿಯದು. ೧೯೮೬ರಲ್ಲಿ ಆಟೊಲಿಸ್ಪ್ ಎಂಬ ಭಾಷೆ ಅದರೊಳಗೆ ಸೇರಿದ ಮೇಲೆ, ಲೆಕ್ಕ ಮಾಡಿ ಅದರಂತೆ ರೇಖೆ ಎಳೆಯುವ ಪುಟ್ಟ ಕ್ರಮವಿಧಿಗಳನ್ನು ಎಂಜಿನಿಯರುಗಳೇ ಬರೆಯತೊಡಗಿದರು. ಆದರೂ ಒಮ್ಮೆ ಎಳೆದ ರೇಖೆ ತನ್ನ ಲೆಕ್ಕವನ್ನು ಮರೆತುಬಿಡುತ್ತಿತ್ತು.

ಈ ಮರೆವಿಗೆ ಪರಿಹಾರ ಒದಗಿಸಿದವನು ಸೋವಿಯತ್ ಒಕ್ಕೂಟದಿಂದ ಅಮೆರಿಕಕ್ಕೆ ವಲಸೆ ಬಂದಿದ್ದ ಗಣಿತಜ್ಞ ಸ್ಯಾಮುಯೆಲ್ ಗೈಸ್‌ಬರ್ಗ್. ಅವನು ೧೯೮೫ರಲ್ಲಿ ಸ್ಥಾಪಿಸಿದ ಸಂಸ್ಥೆಯ ಹೆಸರಿನಲ್ಲಿಯೇ ಪ್ಯಾರಾಮೆಟ್ರಿಕ್ ಎಂಬ ಮಾತಿತ್ತು. ಆ ದಶಕ ಮುಗಿಯುವುದರೊಳಗೆ ಅದು ಪ್ರೊ-ಎಂಜಿನಿಯರ್ ಎಂಬ ತಂತ್ರಾಂಶವನ್ನು ಹೊರತಂದಿತು. ಇದರಲ್ಲಿ ಘನವಸ್ತುವಿನ ಪ್ರತಿಯೊಂದು ಅಳತೆಗೂ ಒಂದು ಹೆಸರುಂಟು. ಒಂದು ಅಳತೆ ಇನ್ನೊಂದರ ಇಮ್ಮಡಿಯೆಂದು ಬರೆದಿಡಬಹುದು. ಮೂಲದ ಅಳತೆಯನ್ನು ತಿದ್ದಿದರೆ ಮಾದರಿ ತನ್ನನ್ನು ತಾನು ಪುನಃ ಕಟ್ಟಿಕೊಳ್ಳುತ್ತದೆ. ಅಳತೆಗೆ ಹೆಸರು ಬಂದದ್ದೇ ನಿರ್ಣಾಯಕವಾದ ಹೆಜ್ಜೆ. ಹೆಸರಿರುವುದನ್ನು ಹೊರಗಿನಿಂದ ಕರೆಯಬಹುದು.

ಹೊರಗಿನಿಂದ ಕರೆಯುವ ದಾರಿಯೂ ಸುಮಾರಾಗಿ ಅದೇ ಕಾಲದಲ್ಲಿ ಸಿದ್ಧವಾಗುತ್ತಿತ್ತು. ೧೯೯೦ರ ವೇಳೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ಒಂದು ತಂತ್ರಾಂಶದ ಕಡತವನ್ನು ಇನ್ನೊಂದರೊಳಗೆ ಇರಿಸುವ ಅಥವಾ ಅದಕ್ಕೆ ಕೊಂಡಿ ಹಾಕುವ ವಿಧಾನವನ್ನು ಬಳಕೆಗೆ ತಂದಿತು. ಇರಿಸುವುದೆಂದರೆ ಒಂದು ನಕಲನ್ನು ಒಳಗೆ ಸೇರಿಸಿಕೊಳ್ಳುವುದು. ಮೂಲವು ಮುಂದೆ ಬದಲಾದರೂ ನಕಲು ಬದಲಾಗುವುದಿಲ್ಲ. ಕೊಂಡಿ ಹಾಕುವುದೆಂದರೆ ಮೂಲ ಎಲ್ಲಿದೆಯೆಂಬುದನ್ನು ಮಾತ್ರ ಗುರುತಿಟ್ಟುಕೊಂಡು ಬೇಕಾದಾಗ ಅಲ್ಲಿಂದಲೇ ಓದುವುದು. ಆದರೆ ಮೂಲ ಕಡತವನ್ನು ಬೇರೆಡೆಗೆ ಸಾಗಿಸಿದರೆ ಕೊಂಡಿ ಕಳಚುತ್ತದೆ. ಮೂಲಶಾಸನಕ್ಕೂ ಅದರ ಪ್ರತಿಗೂ ಇರುವ ಭೇದವನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

೧೯೯೫ರಲ್ಲಿ ಬಂದ ಸಾಲಿಡ್‌ವರ್ಕ್ಸ್ ತಂತ್ರಾಂಶವು ಮುಂದೆ ವಿನ್ಯಾಸ ಕೋಷ್ಟಕವೆಂಬ ಸೌಲಭ್ಯದಲ್ಲಿ ಎಕ್ಸೆಲ್ ಹಾಳೆಯನ್ನೇ ಮಾದರಿಗೆ ಜೋಡಿಸಿತು. ಅದರಲ್ಲಿ ಒಂದೊಂದು ನೀಟಸಾಲು ಒಂದೊಂದು ಅಳತೆಯ ಹೆಸರು. ಒಂದೊಂದು ಅಡ್ಡಸಾಲು ಆ ವಸ್ತುವಿನ ಒಂದೊಂದು ರೂಪಭೇದ. ಹತ್ತು ಗಾತ್ರದ ತಿರುಪುಗಳಿಗೆ ಹತ್ತು ನಕ್ಷೆ ಬೇಕಿಲ್ಲ. ಒಂದು ಮಾದರಿ, ಹತ್ತು ಸಾಲು ಸಾಕು. ೧೯೯೯ರಲ್ಲಿ ಬಂದ ಇನ್ವೆಂಟರ್ ಎಂಬ ತಂತ್ರಾಂಶದಲ್ಲಿ ಜೋಡಿಸಬೇಕಾದ ಹಾಳೆಗೆ ಹೆಸರು, ಬೆಲೆ, ಮಾನ, ಟಿಪ್ಪಣಿ ಎಂಬ ನಾಲ್ಕು ಸಾಲುಗಳ ಕ್ರಮ ಗೊತ್ತಾಗಿದೆ.

ಒಂದು ಸರಳ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹತ್ತು ಸಾವಿರ ಲೀಟರು ಹಿಡಿಯುವ ನೀರಿನ ತೊಟ್ಟಿ ಬೇಕಾಗಿದೆ. ತಳದ ಉದ್ದ ಎರಡೂವರೆ ಮೀಟರು, ಅಗಲ ಎರಡು ಮೀಟರು. ಹಿಡಿತವನ್ನು ತಳದ ವಿಸ್ತೀರ್ಣದಿಂದ ಭಾಗಿಸಿದರೆ ಎತ್ತರ ಎರಡು ಮೀಟರು ಎಂದು ಕೋಷ್ಟಕ ಹೇಳುತ್ತದೆ. ನೀರಿನ ಎತ್ತರ ಹೆಚ್ಚಿದಂತೆ ತಳದ ಬಳಿಯ ಒತ್ತಡವೂ ಹೆಚ್ಚುವುದರಿಂದ ಗೋಡೆಯ ದಪ್ಪಕ್ಕೂ ಅಲ್ಲಿಯೇ ಒಂದು ಸೂತ್ರವಿರುತ್ತದೆ. ಹತ್ತು ಸಾವಿರವನ್ನು ಹದಿನೈದು ಸಾವಿರ ಮಾಡಿದೊಡನೆ ಎತ್ತರ ಮೂರು ಮೀಟರಾಗಿ, ಗೋಡೆ ದಪ್ಪವಾಗಿ, ನಕ್ಷೆ ಹೊಸದಾಗುತ್ತದೆ. ಈಗ ಇದನ್ನು ತಿರುಗಿಸಿ ನೋಡೋಣ. ಯಾರೋ ನಕ್ಷೆಯಲ್ಲಿಯೇ ಗೋಡೆಯನ್ನು ಹಿಡಿದು ಎತ್ತರ ಮಾಡಿದರು. ಕೋಷ್ಟಕ ಏನು ಮಾಡಬೇಕು? ಹಿಡಿತವನ್ನು ಹೆಚ್ಚಿಸಬೇಕೆ? ಹಿಡಿತವನ್ನು ಹಾಗೆಯೇ ಉಳಿಸಿ ತಳವನ್ನು ಕಿರಿದು ಮಾಡಬೇಕೆ? ಎರಡೂ ಗಣಿತಕ್ಕೆ ಒಪ್ಪಿಗೆಯೇ. ಯಾವುದು ಸರಿಯೆಂಬುದನ್ನು ತೊಟ್ಟಿ ಬೇಕಾದವನ ಉದ್ದೇಶ ಹೇಳಬೇಕೇ ಹೊರತು ಯಂತ್ರ ಹೇಳಲಾರದು. ಇದಕ್ಕಾಗಿಯೇ ಸಾಲಿಡ್‌ವರ್ಕ್ಸಿನ ವಿನ್ಯಾಸ ಕೋಷ್ಟಕದಲ್ಲಿ, ಮಾದರಿಯ ತಿದ್ದುಪಡಿ ಕೋಷ್ಟಕವನ್ನು ಮುಟ್ಟಬಹುದೇ ಮುಟ್ಟಬಾರದೇ ಎಂದು ಬಳಸುವವನೇ ಮೊದಲು ಗೊತ್ತುಮಾಡಬೇಕು. ಮೂಲ ಯಾವುದು, ಅದನ್ನು ತಿದ್ದುವ ಅಧಿಕಾರ ಯಾರದು ಎಂಬ ಹಳೆಯ ಪ್ರಶ್ನೆ ಇಲ್ಲಿ ಹೊಸ ವೇಷದಲ್ಲಿ ಬಂದು ನಿಂತಿದೆ.

ಕ್ವಿಬೆಕ್ಕಿನ ಚಕ್ರವೂ ಇಲ್ಲಿ ಮರಳಿ ಎದುರಾಗುತ್ತದೆ. ಮಾದರಿಯಿಂದ ಭಾರವನ್ನು ಕೋಷ್ಟಕಕ್ಕೆ ತಂದು, ಕೋಷ್ಟಕದಿಂದ ದಪ್ಪವನ್ನು ಮಾದರಿಗೆ ಕಳುಹಿಸಿದರೆ ಒಂದು ಇನ್ನೊಂದನ್ನು ಕಾಯುತ್ತ ಕೂಡುತ್ತದೆ. ಎಷ್ಟು ಸುತ್ತು ನಡೆಯಬೇಕು, ಎಷ್ಟು ವ್ಯತ್ಯಾಸವನ್ನು ಸಹಿಸಬಹುದು ಎಂಬುದನ್ನು ಇಂದೂ ಒಬ್ಬ ಮನುಷ್ಯನೇ ಗೊತ್ತುಮಾಡಬೇಕು.

೭

ಈ ಕೊಂಡಿ ಇದ್ದ ಮಾತ್ರಕ್ಕೆ ಅಪಾಯ ತಪ್ಪಿತೆಂದು ತಿಳಿಯುವಂತಿಲ್ಲ. ಈಚಿನ ಎರಡು ಘಟನೆಗಳು ಇದಕ್ಕೆ ಸಾಕ್ಷಿ. ಇವೆರಡೂ ಮೇಲೆ ಹೇಳಿದ ತಂತ್ರಾಂಶಗಳಿಗೆ ಸಂಬಂಧಿಸಿದವಲ್ಲ. ಆದರೆ ಅಂಕಿಯೊಂದು ಒಂದು ಕೈಯಿಂದ ಇನ್ನೊಂದು ಕೈಗೆ ಯಂತ್ರದ ಮೂಲಕ ದಾಟುವಾಗ ಏನಾಗಬಹುದೆಂಬುದನ್ನು ತೋರಿಸುತ್ತವೆ.

ಅಮೆರಿಕವು ಮಂಗಳಗ್ರಹಕ್ಕೆ ಕಳುಹಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ೧೯೯೯ರ ಸೆಪ್ಟೆಂಬರ್ ೨೩ರಂದು ಕಳೆದುಹೋಯಿತು. ನೌಕೆಯ ತಳ್ಳುಬಲವನ್ನು ತಿಳಿಸುವ ಅಂಕಿಗಳನ್ನು ಒಂದು ಪಕ್ಷದ ತಂತ್ರಾಂಶ ಪೌಂಡಿನ ಮಾನದಲ್ಲಿ ಬರೆದಿತ್ತು. ಇನ್ನೊಂದು ಪಕ್ಷ ಅವುಗಳನ್ನು ನ್ಯೂಟನ್ನಿನ ಮಾನದಲ್ಲಿ ಇವೆಯೆಂದು ಓದಿತು. ಎರಡಕ್ಕೂ ನಡುವೆ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಅಂಕಿ ತಪ್ಪಿಲ್ಲದೆ ದಾಟಿತು. ಅದರ ಅರ್ಥ ದಾಟಲಿಲ್ಲ. ಕೋಷ್ಟಕದಲ್ಲಿ ಮಾನಕ್ಕೆಂದೇ ಒಂದು ಸಾಲನ್ನು ಮೀಸಲಿಡುವುದು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎರಡನೆಯದು ನಾರ್ವೆಯದು. ೧೯೯೧ರ ಆಗಸ್ಟ್ ೨೩ರಂದು ಸ್ಲೈಪ್‌ನರ್-ಎ ಎಂಬ ಕಾಂಕ್ರೀಟಿನ ಸಮುದ್ರವೇದಿಕೆಯ ಅಡಿಭಾಗವು ಪರೀಕ್ಷೆಗಾಗಿ ಮುಳುಗಿಸುತ್ತಿದ್ದಾಗ ಒಡೆದು ನೀರಿನ ತಳ ಸೇರಿತು. ಗಣಕಯಂತ್ರಕ್ಕೆ ಕೊಟ್ಟ ಮಾದರಿಯಲ್ಲಿ ಗೋಡೆಗಳು ಸೇರುವ ಮೂಲೆಗಳನ್ನು ಒರಟಾದ ಭಾಗಗಳಾಗಿ ವಿಂಗಡಿಸಿದ್ದರಿಂದ, ಅಲ್ಲಿಯ ಕತ್ತರಿಬಲವು ನಿಜಕ್ಕಿಂತ ಶೇಕಡ ೪೭ರಷ್ಟು ಕಡಮೆಯಾಗಿ ಬಂದಿತ್ತು. ಗೋಡೆಯ ದಪ್ಪವನ್ನೂ ಕಂಬಿಯನ್ನೂ ಆ ಅಂಕಿಯನ್ನು ನಂಬಿ ಗೊತ್ತುಮಾಡಿದ್ದರು. ಮಾದರಿಯೂ ಲೆಕ್ಕವೂ ಪರಸ್ಪರ ಹೊಂದಿದ್ದುವು. ಎರಡೂ ಸೇರಿ ಸತ್ಯಕ್ಕೆ ಹೊಂದಿರಲಿಲ್ಲ. ಬದಲಿ ವೇದಿಕೆಯ ವಿನ್ಯಾಸವನ್ನು ತಡಮಾಡದೆ ಆರಂಭಿಸಬೇಕಾದಾಗ ಎಂಜಿನಿಯರುಗಳು ಮೊರೆಹೊಕ್ಕದ್ದು ಹಳೆಯ ಕೈಲೆಕ್ಕದ ಪದ್ಧತಿಯನ್ನು. ಕೊಂಡಿ ಪರಸ್ಪರ ಒಪ್ಪಂದವನ್ನು ಕಾಪಾಡಬಲ್ಲದು, ಸತ್ಯವನ್ನಲ್ಲ ಎಂಬ ಮಾತನ್ನು ಇಲ್ಲಿ ನೆನೆಯಬೇಕಾಗಿದೆ.

೮

ಕಡೆಯದಾಗಿ ನಮ್ಮ ಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿದ ವಿಚಾರ. ಕ್ವಿಬೆಕ್ ಸೇತುವೆಯ ವಿಷಯದಲ್ಲಿ ಇಷ್ಟನ್ನು ನಾವು ಹೇಳಬಲ್ಲೆವೇಕೆ? ಕಾಗದಗಳು ಉಳಿದುದರಿಂದ. ಅಂತರವನ್ನು ಹೆಚ್ಚಿಸಲು ಬರೆದ ಸಲಹೆ, ಊಹೆಯ ಭಾರ, ನಿಜವಾದ ಭಾರ, ಕಡೆಯ ದಿನದ ತಂತಿ, ಸಾಕ್ಷಿಗಳ ಹೇಳಿಕೆ ಇವೆಲ್ಲವೂ ಆಯೋಗದ ಮುಂದೆ ಬಂದುವು. ಹಳೆಯ ಅಂಕಿಯೂ ಹೊಸ ಅಂಕಿಯೂ ಬೇರೆಬೇರೆ ಹಾಳೆಗಳ ಮೇಲೆ ಅಕ್ಕಪಕ್ಕದಲ್ಲಿ ಉಳಿದುದರಿಂದಲೇ ತಪ್ಪು ಎಲ್ಲಿ ಹುಟ್ಟಿತು, ಯಾರಿಗೆ ಎಂದು ತಿಳಿಯಿತು ಎಂಬುದು ಗೊತ್ತಾಯಿತು. ಎರಡು ದಾಖಲೆಗಳು ಒಂದಕ್ಕೊಂದು ಹೊಂದದಿರುವುದು ಎಂಜಿನಿಯರನಿಗೆ ಅನರ್ಥ. ಇತಿಹಾಸಕಾರನಿಗೆ ಅದೇ ಆಧಾರ.

ಜೋಡಿಸಿದ ಕೋಷ್ಟಕದಲ್ಲಿ ಈ ಆಧಾರವೇ ಇಲ್ಲವಾಗುವ ಸಂಭವವಿದೆ. ಹೊಸ ಅಂಕಿಯನ್ನು ಬರೆದು ಕಡತವನ್ನು ಉಳಿಸಿದೊಡನೆ ಹಳೆಯದು ಅಳಿಯುತ್ತದೆ. ನಕ್ಷೆಯೂ ಕ್ಷಣದಲ್ಲಿ ಹೊಸದಾಗಿ, ತಾನು ಮೊದಲಿನಿಂದಲೂ ಹೀಗೆಯೇ ಇದ್ದೆನೆಂಬಂತೆ ನಿಲ್ಲುತ್ತದೆ. ಗೀಚಿ ತಿದ್ದಿದ ಗುರುತಿಲ್ಲ, ತಾರೀಖು ಹಾಕಿದ ಸಹಿ ಇಲ್ಲ. ಕಡತಗಳ ಹಿಂದಿನ ಆವೃತ್ತಿಗಳನ್ನು ಕಾಪಾಡುವ ಏರ್ಪಾಡುಗಳು ದೊಡ್ಡ ಸಂಸ್ಥೆಗಳಲ್ಲಿ ಇವೆಯೆಂಬುದು ನಿಜ. ಆದರೆ ಆವೃತ್ತಿ ಉಳಿದರೂ ಅಂಕಿಯನ್ನು ಏಕೆ ಬದಲಿಸಿದರೆಂಬ ಕಾರಣ ತಾನಾಗಿ ಉಳಿಯುವುದಿಲ್ಲ. ಕಾರಣವನ್ನು ಬರೆಯುವುದು ಇಂದಿಗೂ ಮನುಷ್ಯನ ಕೆಲಸ.

ಇದುವರೆಗೆ ವಿಚಾರಿಸಿದುದರಿಂದ ನಾವು ತಲುಪಿದ ತೀರ್ಮಾನ ಇದು: ಲೆಕ್ಕವನ್ನು ನಕ್ಷೆಗೆ ಜೋಡಿಸಿದ್ದು ಮನುಷ್ಯನ ಮೇಲಿದ್ದ ಒಂದು ಹೊರೆಯನ್ನು ಇಳಿಸಿತು. ಅಂಕಿಯನ್ನು ಹೊತ್ತು ಸಾಗಿಸುವ ಕೆಲಸ ಯಂತ್ರಕ್ಕೆ ಸೇರಿತು. ಆದರೆ ಮೂಲ ಯಾವುದೆಂದು ಗೊತ್ತುಮಾಡುವುದು, ಅಂಕಿಯೊಡನೆ ಅದರ ಮಾನವನ್ನೂ ಅರ್ಥವನ್ನೂ ಕಳುಹಿಸುವುದು, ಫಲವನ್ನು ಬೇರೊಂದು ದಾರಿಯಿಂದ ಪರೀಕ್ಷಿಸುವುದು, ಬದಲಾವಣೆಯ ಕಾರಣವನ್ನು ಬರೆದಿಡುವುದು ಎಂಬ ನಾಲ್ಕು ಹೊಣೆಗಳು ಇದ್ದಲ್ಲಿಯೇ ಉಳಿದಿವೆ. ಕೋಷ್ಟಕದ ಟಿಪ್ಪಣಿಯ ಸಾಲನ್ನು ಅನೇಕರು ಖಾಲಿ ಬಿಡುತ್ತಾರೆ. ಮುಂದೊಂದು ದಿನ ಯಾವುದಾದರೂ ಸೇತುವೆಯ ಇತಿಹಾಸವನ್ನು ಬರೆಯಹೊರಟವನಿಗೆ ಆ ಸಾಲೇ ಎಲ್ಲಕ್ಕಿಂತ ಬೆಲೆಯುಳ್ಳ ಶಾಸನವಾಗಬಹುದು. ತಾಂತ್ರಿಕ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಸೂತ್ರ ಬರೆಯುವುದನ್ನು ಕಲಿಸುವಾಗ, ತಾರೀಖನ್ನೂ ಕಾರಣವನ್ನೂ ಬರೆಯುವುದನ್ನು ಕಲಿಸಬೇಕೆಂದೂ, ಇತಿಹಾಸದ ಅಧ್ಯಾಪಕರು ಇಂತಹ ಕಡತಗಳನ್ನು ಆಕರಗಳೆಂದು ಪರಿಗಣಿಸಿ ಓದುವ ಕ್ರಮವನ್ನು ರೂಪಿಸಬೇಕೆಂದೂ ನಮ್ಮ ಅರಿಕೆ.